ಆರೈಕೆ ಕೋಣೆಯ ಮಂಚ

ಲಕ್ಷ್ಮಿದೇವಿಯ ಮೂಗು ಬಲು ಚುರುಕು. ಸುರಪುರದ ಕಡೆಯಿಂದ ಗಂಡ ಶಿವಪುತ್ರನ ಜೊತೆ ಬೆಂಗಳೂರಿಗೆ ಬಂದು, ಕೃಷ್ಣರಾಜಪುರದ ಸಂತೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದ ಮೇಲೆ ಆ ಮೂಗಿನಿಂದ ಅವಳಿಗೆ ಸುಖಕ್ಕಿಂತ ಸಂಕಟವೇ ಜಾಸ್ತಿಯಾಗಿತ್ತು. ಕೊಳೆತ ಎಲೆಕೋಸು, ತೆರೆದ ಮೋರಿ, ತೂಗುಸೇತುವೆಯ ಕೆಳಗೆ ಕದಲದೆ ನಿಂತ ಬಸ್ಸುಗಳ ಹೊಗೆ, ಇವಕ್ಕೆಲ್ಲ ಕ್ರಮೇಣ ಒಗ್ಗಿಕೊಂಡಳು. ಒಗ್ಗದೇ ಉಳಿದದ್ದು ಅವಳು ಕೆಲಸಕ್ಕಿದ್ದ ಗಾರ್ಮೆಂಟ್ ಕಾರ್ಖಾನೆಯ ಕಕ್ಕಸು. ಅಷ್ಟೊಂದು ಹೆಂಗಸರಿಗೆ ಕೈಬೆರಳಲ್ಲಿ ಎಣಿಸುವಷ್ಟು ಬಾಗಿಲು, ಅದರ ಹೊರಗೆ ನಿಂತು "ಆಯ್ತೇನಮ್ಮಾ, ಎಷ್ಟೊತ್ತು?" ಎಂದು ಕೂಗುವ ಸೂಪರ್‌ವೈಸರ್. ಮುಟ್ಟಾದ ದಿನಗಳಲ್ಲಿ ನೀರು ಕುಡಿಯದೆ, ಕಾಲು ಬಿಗಿಹಿಡಿದು ಮಷಿನ್ ತುಳಿದು ತುಳಿದು ಅವಳು ಯೌವನ ಕಳೆದಳು.

ಹಾಗಾಗಿ ಹೊಸ ತಿಪ್ಪಸಂದ್ರದ ಆಚೆ ನವಚೈತ್ರ ವೃತ್ತಿ ಕಾಲೇಜಿನಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಾಗ ಅವಳಿಗೆ ನಂಬಲಿಕ್ಕೇ ಆಗಲಿಲ್ಲ. ಅರ್ಧಕ್ಕೆ ಶಾಲೆ ಬಿಟ್ಟವರು, ಮದುವೆಯಾಗಿ ಮಕ್ಕಳು ದೊಡ್ಡವರಾದ ಮೇಲೆ ಏನಾದರೂ ಕಲಿಯಬೇಕೆಂದವರು, ಸೆಕ್ಯೂರಿಟಿ ಕೆಲಸ ಬಿಟ್ಟು ವೈರಿಂಗ್ ಹಿಡಿಯಬೇಕೆಂದವರು ಬರುವ ಕಾಲೇಜು ಅದು. ಗೇಟಿನ ಮೇಲೆ 'ಇಲ್ಲಿ ಎಲ್ಲರೂ ನಮ್ಮವರೇ' ಎಂದು ಬರೆದಿತ್ತು. ಸೇರಿದ ದಿನವೇ ಸಿಬ್ಬಂದಿ ವ್ಯವಹಾರ ನೋಡಿಕೊಳ್ಳುವ ರಶ್ಮಿ ಎಂಬ ಹುಡುಗಿ ಅವಳನ್ನು ಕೂರಿಸಿಕೊಂಡು ಹೇಳಿದಳು. ಹೆಂಗಸರಿಗೆ ತಿಂಗಳಿಗೊಂದು ರಜೆ, ಕಾಯಿಲೆ ಬಿದ್ದರೆ ಸಂಬಳ ಸಹಿತ ರಜೆ, ನಮಾಜಿಗೆ ಹೋಗುವವರಿಗೆ ಬಿಡುವು, ಯಾರ ಜಾತಿ ಯಾರೂ ಕೇಳುವಂತಿಲ್ಲ. ಇವೆಲ್ಲ ಬರೀ ಬಾಯಿಮಾತಾಗಿರಲಿಲ್ಲ. ಬ್ಯೂಟಿಷಿಯನ್ ಕೋರ್ಸಿನ ಉಮ್ಮೆ ಕುಲ್ಸುಂ ಶುಕ್ರವಾರ ಮಧ್ಯಾಹ್ನ ಯಾರನ್ನೂ ಕೇಳದೆ ಕ್ಲಾಸು ನಿಲ್ಲಿಸುತ್ತಿದ್ದಳು.

"ಇದು ಬ್ಯಾರೇನೇ ಅದ ನೋಡ್ರಿ," ಎಂದು ಲಕ್ಷ್ಮಿದೇವಿ ರಾತ್ರಿ ರೊಟ್ಟಿ ತಟ್ಟುತ್ತಾ ಗಂಡನಿಗೆ ಹೇಳಿದ್ದಳು. "ಮನುಷ್ಯಾರಂಗ ನೋಡ್ತಾರ."

ಎರಡನೇ ವರ್ಷ ಕಾಲೇಜಿನವರು ಕೆಳಮಹಡಿಯಲ್ಲಿ ಹೆಂಗಸರಿಗೆಂದೇ ಒಂದು ಕೋಣೆ ಮಾಡಿದರು. ರಶ್ಮಿ ಬರೆಸಿದ ಬೋರ್ಡಿನಲ್ಲಿ ಹೆಸರು 'ಆರೈಕೆ'. ತಿಳಿಗುಲಾಬಿ ಬಾಗಿಲು, ಒಂದು ಮಂಚ, ಬಿಸಿನೀರಿನ ಚೀಲ, ಫ್ಲಾಸ್ಕು, ಮೂಲೆಯಲ್ಲಿ ಮುಚ್ಚಳವಿರುವ ಬುಟ್ಟಿ. ಪರದೆ, ಹಾಸಿಗೆ ಹೊದಿಕೆ, ದಿಂಬಿನ ಗೌಸು ಎಲ್ಲವನ್ನೂ ಲಕ್ಷ್ಮಿದೇವಿಯೇ ತನ್ನ ವಿದ್ಯಾರ್ಥಿನಿಯರ ಕೈಯಲ್ಲಿ ಹೊಲಿಸಿದಳು. ದಿಂಬಿನ ಅಂಚಿಗೆ ಪುಟ್ಟ ಹೂವಿನ ಕಸೂತಿ ಹಾಕಿದ್ದು ಅವಳೇ. ಉಪಪ್ರಾಂಶುಪಾಲ ಮಾನಪ್ಪ ರಿಬ್ಬನ್ ಕತ್ತರಿಸಿ, ಹೆಣ್ಣಿನ ನೋವಿನ ಬಗ್ಗೆ ತುಂಬಾ ಹೊತ್ತು ಮಾತಾಡಿದರು. ಸಿಬ್ಬಂದಿ ಕ್ಷೇಮ ಸಮಿತಿಯ ಅಧ್ಯಕ್ಷರೂ ಅವರೇ.

ಲಕ್ಷ್ಮಿದೇವಿಗೆ ಆಗ ಆ ಕೋಣೆ ಬೇಕಾಗಿರಲಿಲ್ಲ. ಬೇಕಾದದ್ದು ನಲವತ್ತು ದಾಟಿದ ಮೇಲೆ. ಮುಟ್ಟು ಶುರುವಾದರೆ ನಿಲ್ಲುತ್ತಲೇ ಇರಲಿಲ್ಲ. ಸೊಂಟ ಮುರಿದು ಬೀಳುವಂಥ ನೋವು. ಶಿವಾಜಿನಗರದ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಗರ್ಭಕೋಶದಲ್ಲಿ ಗಡ್ಡೆಯಿದೆ, ತೆಗೆಯಬೇಕು, ಆದರೆ ಸರದಿ ಬರುವತನಕ ಕಾಯಬೇಕು ಎಂದರು. ತಿಂಗಳಿಗೊಂದು ರಜೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಕಣ್ಣಿಗೆ ಕತ್ತಲೆ ಬಂದಂತಾಗಿ, ಗೋಡೆ ಹಿಡಿದುಕೊಂಡು ಕೆಳಗಿಳಿದು ಅವಳು ಆ ಗುಲಾಬಿ ಬಾಗಿಲು ತಳ್ಳಿದಳು.

ಮೊದಲು ಬಡಿದದ್ದು ವಾಸನೆ. ಬೆವರಿನ ಕಾಲುಚೀಲ, ಬಿರಿಯಾನಿ, ತಲೆಗೆ ಹಚ್ಚುವ ಎಣ್ಣೆ, ಮುಚ್ಚಿದ ಕೋಣೆಯ ಉಸಿರು. ಮಂಚದ ಮೇಲೆ ಮಾನಪ್ಪ ಬನಿಯನ್ನಿನಲ್ಲಿ ಅಂಗಾತ ಬಿದ್ದಿದ್ದರು. ಪ್ಯಾಂಟಿನ ಕೊಕ್ಕೆ ಬಿಚ್ಚಿತ್ತು, ಬಾಯಿ ತೆರೆದಿತ್ತು, ಜೊಲ್ಲು ಕಿವಿಯತ್ತ ಇಳಿದಿತ್ತು. ಬಿಸಿನೀರಿನ ಚೀಲ ಅವರ ಹಿಮ್ಮಡಿಯ ಕೆಳಗೆ. ಫ್ಲಾಸ್ಕಿನ ಮೇಲೆ ಒದ್ದೆ ಕಾಲುಚೀಲ. ಅವಳು ಹೂವು ಹಾಕಿದ ದಿಂಬಿನ ಮೇಲೆ ತಲೆಯಷ್ಟಗಲದ ಕಂದು ಜಿಡ್ಡಿನ ಕಲೆ. ಹೆಂಗಸರು ಪ್ಯಾಡ್ ಹಾಕಲೆಂದು ಇಟ್ಟ ಬುಟ್ಟಿಯ ಮುಚ್ಚಳ ಸರಿದು, ಒಳಗಿನಿಂದ ಪೇಪರಿನಲ್ಲಿ ಸುತ್ತಿದ ಕೋಳಿಮೂಳೆ ಇಣುಕುತ್ತಿತ್ತು. ನೊಣಗಳು ಅದರ ಮೇಲೂ ಅವರ ಬಾಯಿಯ ಮೇಲೂ ಸರದಿಯಲ್ಲಿ ಕೂರುತ್ತಿದ್ದವು.

ಬಾಗಿಲಿನ ಸದ್ದಿಗೆ ಮಾನಪ್ಪ ಕಣ್ಣುಬಿಟ್ಟರು.

"ಏನಮ್ಮಾ, ಬಾಗಿಲು ತಟ್ಟಿ ಬರೋ ಅಭ್ಯಾಸ ಇಲ್ವಾ?" ಎಂದರು. ಎದ್ದೇಳಲೂ ಇಲ್ಲ, ಮಗ್ಗುಲು ಬದಲಿಸಿದರು.

ಅವಳು ವಾಪಸು ಮೆಟ್ಟಿಲು ಹತ್ತಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕುಸಿದಳು. ಉಮ್ಮೆ ಕುಲ್ಸುಂ ನೀರು ಕೊಟ್ಟು, ಕಥೆ ಕೇಳಿ, ದುಪಟ್ಟಾದ ಅಂಚಿನಿಂದ ಮೂಗು ಮುಚ್ಚಿಕೊಂಡಳು.

"ಅರೆ ಅಮ್ಮಾ, ಸಬ್ಕೋ ಮಾಲೂಮ್ ಹೈ. ಎಲ್ಲಾರ್ಗೂ ಗೊತ್ತು. ಡೈಲಿ ಊಟ ಆದ್ಮೇಲೆ ಅಲ್ಲೇ ಬೀಳ್ತಾರೆ. ಆ ಬೆಡ್ ಮೇಲೆ ನಾನಂತೂ ಕೂರೋದೇ ಇಲ್ಲ. ಯಾರೂ ಹೋಗೋದೇ ಇಲ್ಲ."

"ಮತ್ತ ನೋವಾದ್ರ?"

"ಮಾತ್ರೆ ನುಂಗ್ತೀವಿ, ನಿಂತ್ಕೋತೀವಿ. ಏನ್ ಮಾಡೋದು?"

ಮಾನಪ್ಪನ ಮೇಲೆ ಬಂದದ್ದಕ್ಕಿಂತ ದೊಡ್ಡ ಅಸಹ್ಯ ಲಕ್ಷ್ಮಿದೇವಿಗೆ ಆಗ ಬಂತು. ಇಷ್ಟು ಜನ ಹೆಂಗಸರು ದಿನಾ ಮೂಗು ಹಿಡಿದುಕೊಂಡು ಆ ಬಾಗಿಲು ದಾಟುತ್ತಿದ್ದರು. ದಾಟುವಾಗ ಹೊರಗಿನ ಬೋರ್ಡನ್ನೂ ಓದುತ್ತಿದ್ದರು.

ಮರುದಿನ ಅವಳು ರಶ್ಮಿಯ ಹತ್ತಿರ ಹೋದಳು. ರಶ್ಮಿಯ ದನಿ ಜೇನಿನಂಥದ್ದು, ತಲೆ ಓರೆ ಮಾಡಿಕೊಂಡು ಕೇಳುವಳು.

"ಇದನ್ನ ಶೇರ್ ಮಾಡಿದ್ದಕ್ಕೆ ಥ್ಯಾಂಕ್ಸ್ ಮೇಡಂ. ನಿಮ್ ಫೀಲಿಂಗ್ಸ್ ನಂಗೆ ಅರ್ಥ ಆಗತ್ತೆ. ಆದ್ರೆ ಸರ್‌ಗೂ ಬೆನ್ನುನೋವಿದೆ ಗೊತ್ತಾ? ಇನ್‌ಕ್ಲೂಸಿವ್ ಅಂದ್ಮೇಲೆ ಗಂಡಸರನ್ನೂ ಸೇರಿಸ್ಕೋಬೇಕಲ್ವಾ?"

"ಕೋಳಿಮೂಳೇನೂ ಸೇರಿಸ್ಕೋಬೇಕೇನ್ರೀ?"

ರಶ್ಮಿ ನಕ್ಕಳು, ಆಮೇಲೆ ನಗಬಾರದಿತ್ತೆಂದು ನೆನಪಾಗಿ ಮುಖ ಸರಿಮಾಡಿಕೊಂಡಳು. "ಸಮಿತಿ ಮುಂದೆ ಇಡ್ತೀನಿ ಮೇಡಂ. ನಿಮ್ಮ ಪ್ರಾಬ್ಲಂ ಏನು ಅಂತ ಸ್ವಲ್ಪ ಹೇಳಿ, ಸೆನ್ಸಿಟಿವ್ ಆಗಿ ಹ್ಯಾಂಡಲ್ ಮಾಡೋಣ."

ಲಕ್ಷ್ಮಿದೇವಿ ನಂಬಿ ಎಲ್ಲ ಹೇಳಿದಳು. ಗಡ್ಡೆ, ಆಪರೇಷನ್ನು, ಸರದಿ.

ಆ ಶನಿವಾರ ಇಡೀ ಸಿಬ್ಬಂದಿಯನ್ನು ಸಭಾಂಗಣದಲ್ಲಿ ದುಂಡಗೆ ಕೂರಿಸಿದರು. ಪ್ಲಂಬಿಂಗ್ ಕಲಿಸುವವರು, ವೈರಿಂಗ್‌ನವರು, ಅಕೌಂಟ್ಸಿನವರು, ಕ್ಯಾಂಟೀನಿನ ಕಲೀಮುಲ್ಲಾ, ಎಲ್ಲರೂ. 'ಮನದ ಮಾತು' ಎಂಬ ಕಾರ್ಯಕ್ರಮವಂತೆ. ಮಾನಪ್ಪ ಮೈಕು ಹಿಡಿದು, ತಮ್ಮ ತಾಯಿ ಪಟ್ಟ ಪಾಡು ನೆನೆದು ಕಣ್ಣೊರೆಸಿಕೊಂಡರು. ನಂತರ ಕೈಚಾಚಿ ತೋರಿಸಿದರು.

"ನಮ್ಮ ಲಕ್ಷ್ಮಿದೇವಿ ಮೇಡಂಗೆ ಗರ್ಭಕೋಶದಲ್ಲಿ ಗಡ್ಡೆ. ವಿಪರೀತ ರಕ್ತಸ್ರಾವ. ಆದ್ರೂ ದಿನಾ ನಗ್ತಾ ಕೆಲಸಕ್ಕೆ ಬರ್ತಾರೆ. ನಾವೆಲ್ಲ ಅವರ ಜೊತೆ ಇದೀವಿ ಅಂತ ಒಂದು ಚಪ್ಪಾಳೆ ಕೊಡಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ಲಂಬಿಂಗಿನವರು ಎದ್ದುನಿಂತು ತಟ್ಟಿದರು. ಲಕ್ಷ್ಮಿದೇವಿಗೆ ಯಾರೋ ತನ್ನ ಸೀರೆ ಎತ್ತಿ ಸಭೆಗೆ ತೋರಿಸಿದಂತಾಯಿತು. ಅವಳ ಮೈಯೊಳಗಿನದು ಅವಳ ತಾಯಿಗೂ ಸರಿಯಾಗಿ ಗೊತ್ತಿರಲಿಲ್ಲ. ಈಗ ಅದಕ್ಕೆ ಚಪ್ಪಾಳೆ. ರಶ್ಮಿ ದೂರದಿಂದ ಎರಡೂ ಕೈ ಎದೆಗಿಟ್ಟು ಅವಳತ್ತ ಮುಗುಳ್ನಕ್ಕಳು. ಲಕ್ಷ್ಮಿದೇವಿ ಹೊರಗೆ ಹೋಗಿ ವಾಶ್‌ಬೇಸಿನ್ನಿಗೆ ಬಾಗಿ ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದಳು.

ಅಂದಿನಿಂದ ಅವಳು ಎಲ್ಲರ ಸೊತ್ತಾದಳು. "ಬ್ಲೀಡಿಂಗ್ ಹೇಗಿದೆ ಮೇಡಂ?" ಎಂದು ಮೆಟ್ಟಿಲಲ್ಲಿ ಕೇಳಿದವರು ವೈರಿಂಗಿನ ಮೇಷ್ಟ್ರು. ಪಾಪದ ಕಲೀಮುಲ್ಲಾ ಕೇಳದೆಯೇ ಬೀಟ್‌ರೂಟ್ ಜ್ಯೂಸು ತಂದಿಡುತ್ತಿದ್ದ. ಅವನೊಬ್ಬನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ, ಆದರೆ ಅವನು ಅತ್ತ ಹೋದ ಮೇಲೆ ಜ್ಯೂಸನ್ನು ಬೇಸಿನ್ನಿಗೆ ಸುರಿಯುತ್ತಿದ್ದಳು. ಮಾನಪ್ಪ ಮಾತ್ರ ಎಂದಿನಂತೆ ಉಂಡು, ತೇಗಿ, ಗುಲಾಬಿ ಬಾಗಿಲೊಳಗೆ ಹೋಗುತ್ತಿದ್ದರು.

ಮುಂದಿನ ತಿಂಗಳು ಪಾಠದಲ್ಲಿ ಹಾಸಿಗೆ ಹೊದಿಕೆ ಬಂತು. ಹಾಸಿಗೆಯ ನಾಲ್ಕು ಮೂಲೆಗೂ ಕಚ್ಚಿ ಕೂರುವಂಥ ಹೊದಿಕೆ ಹೊಲಿಯಬೇಕು. ಅದಕ್ಕೆ ನಿಜವಾದ ಮಂಚದ ಅಳತೆ ಬೇಕು. ಊಟ ಮುಗಿದ ಹೊತ್ತು. ಲಕ್ಷ್ಮಿದೇವಿ ಸೀಮೆಸುಣ್ಣ ಕೆಳಗಿಟ್ಟಳು. ಆಮೇಲೆ ವಿದ್ಯಾರ್ಥಿನಿಯರ ಕಡೆ ತಿರುಗಿದಳು.

"ಟೇಪ್ ತಗೊಳ್ರಿ. ಕೆಳಗ ಹೋಗೋಣ."

ತರಗತಿ ಪೂರ್ತಿ ಅವಳ ಹಿಂದೆ ಇಳಿಯಿತು. ಮನೆಗೆಲಸದವರು, ಹೂ ಮಾರುವವರು, ಒಬ್ಬಳು ಅಜ್ಜಿ ಕೂಡ. ಲಕ್ಷ್ಮಿದೇವಿ ಬಾಗಿಲು ತಟ್ಟಿದಳು, ಉತ್ತರಕ್ಕೆ ಕಾಯದೆ ತೆರೆದಳು, ಲೈಟು ಹಾಕಿದಳು.

"ಸರ್, ಪ್ರಾಕ್ಟಿಕಲ್ ಅದ. ನೀವು ಮಲಗ್ರಿ, ಏಳಬ್ಯಾಡ್ರಿ. ಭಾಗ್ಯಲಕ್ಷ್ಮಿ, ನೀ ತಲಿ ಕಡೆ ಹಿಡಿ. ಉದ್ದ ಎಷ್ಟು?"

ಭಾಗ್ಯಲಕ್ಷ್ಮಿ ದಿಂಬಿನತ್ತ ಬಾಗಿ, ಥಟ್ಟನೆ ಹಿಂದೆ ಸರಿದಳು. "ಥೂ, ಏನ್ ಮಿಸ್ ಇದು ವಾಸ್ನೆ!"

"ವಾಸನಿ ಅಳತಿ ಬ್ಯಾಡ. ಉದ್ದ ಹೇಳು."

ಯಾರೋ ಕಿಸಕ್ಕನೆ ನಕ್ಕರು. ಅಜ್ಜಿ ಬುಟ್ಟಿಯ ಮುಚ್ಚಳ ಎತ್ತಿ ನೋಡಿ, "ಶಿವಶಿವಾ" ಎಂದು ಮುಚ್ಚಿದಳು. ಮಾನಪ್ಪ ಪ್ಯಾಂಟಿನ ಕೊಕ್ಕೆ ಹುಡುಕುತ್ತಾ, ಅಂಗಿ ಎದೆಗೊತ್ತಿಕೊಂಡು, ಒಂದೇ ಕಾಲುಚೀಲದಲ್ಲಿ ಅಷ್ಟು ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೊರಬಿದ್ದರು. ಅಳತೆ ಪೂರ್ತಿ ಆಗುವವರೆಗೂ ಲಕ್ಷ್ಮಿದೇವಿ ವಿದ್ಯಾರ್ಥಿನಿಯರನ್ನು ಹೊರಗೆ ಬಿಡಲಿಲ್ಲ. ಅವಳಿಗೆ ಗೆದ್ದೆನೆಂಬ ಖುಷಿಯೇನೂ ಇರಲಿಲ್ಲ. ಆ ಮಂಚವನ್ನು ಮುಟ್ಟಿದ ಕೈಯನ್ನು ಆಮೇಲೆ ಉಜ್ಜಿ ಉಜ್ಜಿ ತೊಳೆದಳು.

ಮರುದಿನ ಆರೈಕೆ ಕೋಣೆಗೆ ಬೀಗ ಬಿತ್ತು. ರಶ್ಮಿ ಹೊಸ ವ್ಯವಸ್ಥೆ ವಿವರಿಸಿದಳು. ಇನ್ನುಮುಂದೆ ಕೋಣೆ ಬೇಕಾದವರು ಒಂದು ದಿನ ಮುಂಚೆ ಆ್ಯಪಿನಲ್ಲಿ ಬುಕ್ ಮಾಡಬೇಕು.

"ನಾಳೆ ನೋವು ಬರತ್ತೆ ಅಂತ ಇವತ್ತೇ ಹೇಳ್ಬೇಕಾ?" ಎಂದಳು ಉಮ್ಮೆ ಕುಲ್ಸುಂ. "ನಾನೇನ್ ಜ್ಯೋತಿಷ್ಯ ಹೇಳೋಳಾ?"

ವಿದ್ಯಾರ್ಥಿನಿಯರೇ ಹೊಲಿಗೆ ಕೋಣೆಯ ಹಿಂಭಾಗದಲ್ಲಿ ಹಗ್ಗ ಕಟ್ಟಿ, ತುಂಡು ಬಟ್ಟೆ ಜೋಡಿಸಿ ಪರದೆ ಇಳಿಬಿಟ್ಟರು. ಬಟ್ಟೆ ಕತ್ತರಿಸುವ ಅಗಲದ ಮೇಜಿನ ಮೇಲೆ ಜಮಖಾನ ಹಾಸಿದರು. ನೋವು ಬಂದಾಗ ಲಕ್ಷ್ಮಿದೇವಿ ಅದರ ಮೇಲೆ ಮಲಗಿ, ಆಚೆಗಿನ ಮಷಿನ್ ಸದ್ದಿನಿಂದಲೇ ಯಾರ ದಾರ ತುಂಡಾಯಿತೆಂದು ಹೇಳುತ್ತಿದ್ದಳು. ಆಮೇಲೆ ಉಮ್ಮೆ ಕುಲ್ಸುಂ ಬಂದಳು. ಅಕೌಂಟ್ಸಿನ ಹೆಂಗಸರೂ ಬಂದರು. ಅಲ್ಲಿ ಮಷಿನ್ ಎಣ್ಣೆ ಮತ್ತು ಹೊಸ ಕಾಟನ್ನಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕೊನೆಗೆ ಆಸ್ಪತ್ರೆಯ ಸರದಿ ಬಂತು. ರಜೆ ಕೇಳಿದ ದಿನವೇ ಸಿಕ್ಕಿತು, ಸಂಬಳವೂ ತಪ್ಪದೆ ಬಂತು. ಅದನ್ನು ಅವಳು ಇಲ್ಲವೆನ್ನುವಂತಿರಲಿಲ್ಲ, ಅದೇ ಅವಳಿಗೆ ಇನ್ನಷ್ಟು ಕಿರಿಕಿರಿ. ಅದೊಂದು ಸುಳ್ಳು ಕಾಲೇಜಾಗಿದ್ದರೆ ಬೈದು ಬಿಟ್ಟುಬಿಡಬಹುದಿತ್ತು.

ಗುಣವಾಗಿ ವಾಪಸಾದ ವಾರವೇ ರಶ್ಮಿ ಓಡಿಬಂದಳು. ಯಾವುದೋ ಸಂಸ್ಥೆ ಕಾಲೇಜಿಗೆ ಸಿಬ್ಬಂದಿಸ್ನೇಹಿ ಪ್ರಶಸ್ತಿ ಕೊಡುತ್ತಿದೆಯಂತೆ. ಇಂದಿರಾನಗರದ ಹೋಟೆಲಿನಲ್ಲಿ ಸಮಾರಂಭ. ಮಾನಪ್ಪ ಸ್ವೀಕರಿಸುತ್ತಾರೆ.

"ನೀವು ಎರಡು ಮಾತಾಡಿದ್ರೆ ಸಾಕು ಮೇಡಂ. ನಿಮ್ಮ ಜರ್ನಿ ಬಗ್ಗೆ."

"ನನ್ನ ಮೈ ಬಗ್ಗೆ ಇನ್ನೊಮ್ಮೆ ಮೈಕಿನ್ಯಾಗ ಯಾರರೆ ಮಾತಾಡಿದ್ರ, ನಾನೂ ಮೈಕ್ ಹಿಡೀತೀನಿ," ಎಂದಳು ಲಕ್ಷ್ಮಿದೇವಿ. "ಆ ಕ್ವಾಣಿ ಒಳಗ ಏನೇನು ಇತ್ತು, ಒಂದೂ ಬಿಡದಂಗ ಹೇಳ್ತೀನಿ. ಕರೀರಿ ಬೇಕಾದ್ರ."

ರಶ್ಮಿಯ ಮುಖ ಇಳಿಯಿತು. ಆ ಕಡೆ ಈ ಕಡೆ ನೋಡಿ, ಜೇನು ಕಳೆದ ದನಿಯಲ್ಲಿ ಹೇಳಿದಳು, "ನಾನೂ ಒಂದು ದಿನಾನೂ ಆ ರೂಮಿಗೆ ಹೋಗಿಲ್ಲ ಮೇಡಂ. ಅಸಹ್ಯ ಆಗತ್ತೆ."

ಲಕ್ಷ್ಮಿದೇವಿಗೆ ಒಂದು ಕ್ಷಣ ಕನಿಕರ ಬರಬೇಕಿತ್ತು. ಬರಲಿಲ್ಲ. "ಆ ಬೋರ್ಡ್ ಬರೆಸಿ, ಗೊತ್ತಿದ್ದೂ ಹಂಗ ಬಿಟ್ಟಾಕಿ ನೀನೇ ಅಲ್ಲೇನವ್ವಾ?" ಎಂದಳು.

ಪ್ರಶಸ್ತಿ ಬಂತು. ಲಕ್ಷ್ಮಿದೇವಿಯ ಹೆಸರು ಎಲ್ಲೂ ಬರಲಿಲ್ಲ. ಕೋಣೆಯ ಬೀಗವೂ ತೆರೆಯಲಿಲ್ಲ. ಮಾನಪ್ಪ ಈಗ ತಮ್ಮ ಛೇಂಬರಿನ ಕುರ್ಚಿಯಲ್ಲೇ ಕಾಲು ಚಾಚಿ ನಿದ್ದೆ ಮಾಡುತ್ತಾರೆ. ಎದುರು ಸಿಕ್ಕಾಗ "ಹುಷಾರಾ ಮೇಡಂ?" ಎನ್ನುತ್ತಾರೆ. ಅವಳು ಅವರನ್ನು ದಾಟಿ ನಡೆಯುತ್ತಾಳೆ. ಅದಕ್ಕೆ ಯಾರೂ ಅವಳನ್ನು ಏನೂ ಕೇಳಿಲ್ಲ.

ಪ್ರಶಸ್ತಿಯ ಸುದ್ದಿ ಕೇಳಿದ ಸಂಜೆ ಶಿವಪುತ್ರ, "ಅಷ್ಟು ಹೇಸಿಗಿ ಅನಿಸಿದ್ರ ಬಿಟ್ಟಬಿಡು," ಎಂದಿದ್ದ.

"ಬಿಟ್ಟು ಎಲ್ಲಿಗಿ ಹೋಗ್ಲಿ? ಕಾರ್ಖಾನಿಗ್ಯಾ?" ಎಂದಳು ಅವಳು. "ಹುಡುಗ್ಯಾರು ಈಗಷ್ಟೇ ಕಾಲರ್ ಹಚ್ಚಾಕ ಕಲ್ತಾರ. ತೋಳು ಇನ್ನೂ ಸೊಟ್ಟಗ ಹಚ್ಚತಾರ. ತೋಳು ಮುಗಿಸದ ಹ್ಯಾಂಗ್ ಬಿಡ್ಲಿ?"

ಅವಳು ಎದ್ದು, ಸಂತೆಯ ಕಡೆಯ ಕಿಟಕಿ ಮುಚ್ಚಿ, ಒಲೆ ಹಚ್ಚಿದಳು.