ಒಂಬತ್ತನೇ ನಂಬರಿನ ಹೆಸರು

ರಾಬರ್ಟ್‌ಸನ್‌ಪೇಟೆಯ ಸೌಂಡ್ ಸರ್ವೀಸ್ ಅಂಗಡಿಯವನು ಮೊನ್ನೆ ನನ್ನ ಕೈಗೆ ಒಂದು ಹಳೆಯ ಮೈಕ್ ಕೊಟ್ಟ. ಬಾಯಿಯ ಹತ್ತಿರ ಹಿಡಿದೆ. ಜಾಲರಿಯಿಂದ ತುಕ್ಕಿನ ವಾಸನೆ ಬಂತು, ಅದರ ಹಿಂದೆಯೇ ಲವಂಗದ್ದು. ಲವಂಗದ ವಾಸನೆ ಇಷ್ಟು ವರ್ಷ ಉಳಿಯುತ್ತದೆಯೇ? ಉಳಿಯಲಾರದು. ನನ್ನ ಮೂಗೇ ಅದನ್ನು ಸೇರಿಸಿಕೊಂಡಿರಬೇಕು...

ಈ ಭಾನುವಾರ ನಮ್ಮ ಕೆಜಿಎಫ್‌ಗೂ ಬಂಗಾರಪೇಟೆಗೂ ಫುಟ್‌ಬಾಲ್ ಪಂದ್ಯ. ಆಟೋದಲ್ಲಿ ಹಾಕಿ ಊರು ಸುತ್ತಿಸಲು ಪ್ರಚಾರದ ಮಾತನ್ನು ನೀವೇ ಬರೆದು ಓದಿಕೊಡಿ ಎಂದು ತಂಡದ ಹುಡುಗರು ಕೇಳಿದ್ದರು. ಕನ್ನಡ ಎಂ.ಎ. ಮಾಡಿದವಳಿಗೆ ಅದೇನು ಕಷ್ಟ ಎಂದು ಒಪ್ಪಿಕೊಂಡೆ. ನಮ್ಮವರು ಚೆಂಡನ್ನು ಕಾಲಿಂದ ಕಾಲಿಗೆ ಸಣ್ಣಗೆ ದಾಟಿಸುತ್ತಾರೆ, ಬಂಗಾರಪೇಟೆಯವರು ಉದ್ದಕ್ಕೆ ಒದ್ದು ಹಿಂದೆ ಓಡುತ್ತಾರೆ. ನಮ್ಮ ಡಿಫೆನ್ಸ್‌ಗೆ ವಯಸ್ಸಾಗಿದೆ, ಅವರ ಗೋಲ್‌ಕೀಪರ್‌ಗೆ ಎಡಕ್ಕೆ ಹಾರಲು ಬಾರದು. ಇಷ್ಟು ಬರೆದೆ, ಹೊಡೆದುಹಾಕಿದೆ. ಎದ್ದು ಅತ್ತಿತ್ತ ಓಡಾಡಿದೆ, ಮತ್ತೆ ಕೂತು ಬರೆದೆ. ಎಲ್ಲವೂ ವರದಿಯಂತಿತ್ತು. ಜನ ಕೈಕೆಲಸ ಬಿಟ್ಟು ಬೀದಿಗೆ ಬಂದು ನಿಲ್ಲುವಂಥ ಒಂದು ಮಾತೂ ಅದರಲ್ಲಿರಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಆ ಕೆಲಸ ಮಾಡುತ್ತಿದ್ದವರು ಪಕ್ಕದ ಮನೆಯ ಮಾಮ. ಮಾರಿಕುಪ್ಪಂ ಕಡೆಯ ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಪಂದ್ಯದ ಹಿಂದಿನ ದಿನ ಆಟೋದ ತಲೆಗೆ ಸ್ಪೀಕರ್ ಕಟ್ಟಿಸಿ, ಇದೇ ಮೈಕ್ ಹಿಡಿದು, ದವಡೆಯಲ್ಲಿ ಲವಂಗ ಒತ್ತಿಕೊಂಡು ಹೊರಡುವರು. ಬೆಳಿಗ್ಗೆ ನಮ್ಮ ಕಡೆ, ಮಧ್ಯಾಹ್ನ ಬಂಗಾರಪೇಟೆ. ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳಿ, ಆಮೇಲೆ ತಮಿಳಿನಲ್ಲಿ, ಆಮೇಲೆ ತೆಲುಗಿನಲ್ಲಿ ಹೇಳುವರು. ಎರಡೂ ತಂಡದ ಆಟಗಾರರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಹೊಗಳುವರು. ಕೊನೆಗೆ, ತಾವು ಯಾವ ಊರಿನ ಬೀದಿಯಲ್ಲಿದ್ದಾರೋ ಆ ಊರೇ ಗೆಲ್ಲುತ್ತದೆ ಎನ್ನುವರು. ಅದು ಎಲ್ಲರಿಗೂ ಗೊತ್ತಿದ್ದ ಪದ್ಧತಿ.

"ಅಲ್ಲೂ ಗೆಲ್ಲುಸ್ತೀಯ, ಇಲ್ಲೂ ಗೆಲ್ಲುಸ್ತೀಯ, ಅದೆಂಗೆ ಮಾಮ?" ಎಂದು ಟೀ ಅಂಗಡಿಯಲ್ಲಿ ಹುಡುಗರು ರೇಗಿಸುವರು.

"ಇವತ್ತು ಇಬ್ರೂ ಗೆದ್ಕಳ್ರಲಾ. ನಾಳೆ ಒಬ್ರು ಅಳೋದು ಇದ್ದೇ ಐತೆ."

ಅವರ ಮಗಳು ನನ್ನ ಗೆಳತಿ. ಒಂದೇ ರೈಲಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆವು. ಮನೆಯಲ್ಲಿ ಹೇಳದೆ ಅವಳು ಮದುವೆಯಾದದ್ದು ಬಂಗಾರಪೇಟೆ ತಂಡದ ಫಾರ್ವರ್ಡ್ ಆಟಗಾರನನ್ನು, ಒಂಬತ್ತನೇ ನಂಬರಿನ ಅಂಗಿಯವನನ್ನು. ಮಾಮ ಕೂಗಾಡಲಿಲ್ಲ. ಮಗಳ ಮಾತೆತ್ತುವುದನ್ನು ಬಿಟ್ಟರು, ಅಷ್ಟೆ. ಮುಂದಿನ ಪಂದ್ಯದ ಪ್ರಚಾರದಲ್ಲಿ ಮಾತ್ರ ಎಂಟನೇ ನಂಬರಿನವನನ್ನು ಹೊಗಳಿದವರು ನೇರ ಹತ್ತಕ್ಕೆ ಹೋದರು. ಅದರ ಮುಂದಿನ ಸಲವೂ ಹಾಗೆಯೇ. ಮಗಳ ಮೇಲಿನ ಸಿಟ್ಟು ಇಳಿದಿಲ್ಲ ಎಂಬುದು ಎರಡೂ ಊರಿಗೆ ಮೈಕಿನಲ್ಲೇ ತಿಳಿಯಿತು.

ಅಷ್ಟರಲ್ಲಿ ಅವಳು ಬಸುರಿಯಾದಳು. ಚೊಚ್ಚಲ ಹೆರಿಗೆ, ತವರಿನಿಂದ ಕರೆ ಬರಬೇಕು. ಅವಳ ಅಮ್ಮ ನನ್ನ ಕೈಯಲ್ಲಿ ಹುಣಸೆ ತೊಕ್ಕು ಕಳಿಸಿದರು. ಕರೆ ಕಳಿಸುವ ಧೈರ್ಯ ಅವರಿಗಿರಲಿಲ್ಲ. ನಾನು ತೊಕ್ಕು ಹಿಡಿದು ಬಂಗಾರಪೇಟೆಗೆ ಹೋದ ದಿನವೇ ಮಾಮನ ಆಟೋ ಆ ಬೀದಿಗೆ ಬರುವುದಿತ್ತು.

"ಇವತ್ತು ಅಪ್ಪ ಇವ್ರ ಎಸ್ರು ಏಳಿದ್ರೆ ನಾಳೇನೆ ಬ್ಯಾಗ್ ತಕ್ಕೊಂಡು ಬತ್ತೀನಿ ಕಣೇ," ಎಂದಳು ಗೆಳತಿ.

"ಏಳ್ದೇ ಇದ್ರೆ?"

"ಇಲ್ಲೇ ಇರ್ತೀನಿ. ಇವ್ರೇ ಬಾಣಂತನ ಮಾಡ್ತಾರಂತೆ. ನೀರು ಕಾಯ್ಸೋಕೂ ಬರಲ್ಲ ಮಾರಾಯಂಗೆ."

ನಕ್ಕಳು. ಬೆರಳು ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಇತ್ತು.

ಸ್ಪೀಕರಿನ ಸದ್ದು ಕೇಳಿದ್ದೇ ನಾನು ಹೊರಗೆ ಓಡಿದೆ. ಆಟೋ ನಿಧಾನವಾಗಿ ಬಂತು. ಒಬ್ಬೊಬ್ಬರ ಹೆಸರೂ ಮೂರು ಭಾಷೆಯಲ್ಲಿ ಮುಗಿದು ಎಂಟರ ತನಕ ಬಂತು. ಅಲ್ಲಿ ದನಿ ನಿಂತಿತು. ಸ್ಪೀಕರ್ ಗುಂಯ್ ಎನ್ನುತ್ತಿತ್ತು. ಆಮೇಲೆ ಮಾಮ ಒಂಬತ್ತನ್ನಷ್ಟೇ ಅಲ್ಲ, ಉಳಿದವರನ್ನೆಲ್ಲ ಹಾರಿಸಿಕೊಂಡು ಕೊನೆಯ ಮಾತಿಗೇ ಬಂದುಬಿಟ್ಟರು. "ನಾಳೆಯ ಪಂದ್ಯದಲ್ಲಿ ಗೆಲ್ಲುವವರು ನಮ್ಮ ಕೆಜಿಎಫ್ ವೀರರು!"

ಬಂಗಾರಪೇಟೆಯ ನಡುಬೀದಿಯಲ್ಲಿ!

ಬೀದಿಯಲ್ಲೆಲ್ಲ ನಗು, ಶಿಳ್ಳೆ, ಬೈಗುಳ. ಒಬ್ಬ ಸೈಕಲ್ಲನ್ನು ಆಟೋಗೆ ಅಡ್ಡ ನಿಲ್ಲಿಸಿದ. "ಏನ್ ಮಾಮೋ, ಯಾವೂರಾಗಿದ್ದೀಯ ಗ್ಯಾಪಕ ಐತಾ? ತಿರ್ಗಾ ಮೊದ್ಲಿಂದ ಕೂಗು. ಈ ಸಲ ಒಂಬತ್ತ್ ಬುಟ್ರೆ ಆಟೋನೇ ಬುಡಲ್ಲ!"

ಮಾಮ ಮೊದಲಿನಿಂದ ಶುರುಮಾಡಿದರು. ಗೋಲ್‌ಕೀಪರ್, ಹಿಂದಿನವರು, ನಡುವಿನವರು... ಎಂಟು. ಲವಂಗ ಕಚ್ಚಿದ ಸದ್ದು ಸ್ಪೀಕರಿನಲ್ಲಿ ಕೇಳಿಸಿತು. ಅಥವಾ ಕೇಳಿಸಿತೆಂದು ಈಗ ಅನ್ನಿಸುತ್ತಿದೆ.

"ಒಂಬತ್ತನೇ ನಂಬರ್..." ಎಂದು ನಿಂತರು. "ನಮ್ಮ ಅಳಿಯ."

ಹೆಸರು ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಆದರೆ ಪದ್ಧತಿ ಬಿಟ್ಟವರಲ್ಲ ಅವರು. ಅದನ್ನೇ ತಮಿಳಿನಲ್ಲಿ ಹೇಳಿದರು, "ನಮ್ಮ ಮಾಪ್ಪಿಳ್ಳೈ." ತೆಲುಗಿನಲ್ಲೂ ಹೇಳಿದರು, "ಮಾ ಅಲ್ಲುಡು." ಮೂರನೆಯ ಸಲ ದನಿ ಒಡೆಯಿತು. ಅಡ್ಡ ನಿಂತಿದ್ದವನು ಸೈಕಲ್ಲನ್ನು ಪಕ್ಕಕ್ಕೆ ಎಳೆದುಕೊಂಡ.

ಮಾರನೆಯ ದಿನ ಗೆಳತಿ ತವರಿಗೆ ಬಂದಳು. ಪಂದ್ಯ ಯಾರು ಗೆದ್ದರೋ ನನಗೆ ನೆನಪಿಲ್ಲ. ಕೇಳಿದವರೆಲ್ಲ ತಮ್ಮೂರೇ ಎನ್ನುತ್ತಾರೆ.

ಇಷ್ಟು ವರ್ಷವೂ ಇದನ್ನು ಹೇಳುವಾಗ ನಾನು ಇನ್ನೊಂದು ಮಾತು ಸೇರಿಸುತ್ತಿದ್ದೆ. ಗೆಳತಿ ತುಂಬಿದ ಹೊಟ್ಟೆ ಹೊತ್ತು ಬಾಗಿಲಲ್ಲಿ ನಿಂತಿದ್ದಳು, ಮಾಮ ಅವಳನ್ನೇ ನೋಡುತ್ತ "ನಮ್ಮ ಅಳಿಯ" ಎಂದರು, ಕಣ್ಣು ತುಂಬಿತ್ತು ಎಂದು. ನಿನ್ನೆ ಪ್ರಚಾರದ ಮಾತು ಏನು ಮಾಡಿದರೂ ಮುಂದುವರಿಯದೆ ಅವಳಿಗೇ ಫೋನ್ ಮಾಡಿದೆ. ಮಾತು ಆ ದಿನಕ್ಕೇ ಹೋಯಿತು, ಬಾಗಿಲಿನ ಮಾತನ್ನೂ ಹೇಳಿದೆ.

"ನಾನೆಲ್ಲಿದ್ದೆ ಬಾಗ್ಲಲ್ಲಿ?" ಎಂದಳು. "ಅಡಿಗೆಮನೇಲಿ ಕಿವಿ ಮುಚ್ಕೊಂಡು ಕೂತಿದ್ದೆ ಕಣೇ. ಮುಚ್ಕೊಂಡ್ರೂ ಕೇಳ್ತು. ಆಚೆ ಬರೋ ಒತ್ತಿಗೆ ಆಟೋ ಓಗಿತ್ತು."

ಮಾಮ ತೀರಿಕೊಂಡು ವರ್ಷ ತುಂಬುತ್ತ ಬಂತು.

"ಮನೆಗೆ ಬಂದ್ಮೇಲೆ ಅಪ್ಪ ಏನೂ ಆಗೇ ಇಲ್ಲ ಅನ್ನಂಗಿದ್ರು," ಎಂದಳು. "ನಾನೂ ಕೇಳ್ಲಿಲ್ಲ. ಈಗ ಅದೊಂದೇ ಯೋಚ್ನೆ. ನೀನು ಆಚೆ ಇದ್ದೆಯಲ್ಲ... ಆವಾಗ ಅಪ್ಪನ ಮುಖ ಎಂಗಿತ್ತೇ?"

ಉತ್ತರ ಬಾಯಿಗೆ ಬಂದಿತ್ತು. ಆದರೆ ಅವಳು ಬಾಗಿಲಲ್ಲಿ ಇರಲೇ ಇಲ್ಲವಾದರೆ, ಅವಳನ್ನು ನೋಡಿದ ಆ ಕಣ್ಣು ಯಾವುದು? ಅದನ್ನು ಕಟ್ಟಿದವಳು ನಾನೇ ಅಲ್ಲವೇ?

ನೆನಪು ಮಾಡಿಕೊಂಡು ಹೇಳುತ್ತೇನೆ ಎಂದೆ. ಬೆಳಿಗ್ಗೆಯಿಂದ ಮಾಡಿಕೊಳ್ಳುತ್ತಲೇ ಇದ್ದೇನೆ. ಆಟೋದ ಹಿಂಬದಿ ಕಾಣುತ್ತದೆ, ಜೋತುಬಿದ್ದ ವೈರು ಕಾಣುತ್ತದೆ, ಸೈಕಲ್ಲಿನವನ ಬೆವೆತ ಬೆನ್ನು ಕಾಣುತ್ತದೆ. ಮೂರು ಭಾಷೆಯ ದನಿಯೂ ಕಿವಿಯಲ್ಲಿದೆ. ಮುಖ ಇಲ್ಲ. ಅವಳ ಪರವಾಗಿ ಅದನ್ನು ನೋಡಬಹುದಾಗಿದ್ದವಳು ನಾನೊಬ್ಬಳೇ.