ಗಾಡಿಯಲ್ಲೇ ಉಳಿದ ತಂಬಿಗೆ

ವರ್ಷಕ್ಕೊಮ್ಮೆ ನಾವು ಅಜ್ಜಂಪುರದಿಂದ ಗಾಡಿ ಕಟ್ಟಿಕೊಂಡು ತರೀಕೆರೆಯಾಚೆಯ ಕಾಡಿಗೆ ಹೋಗುತ್ತಿದ್ದೆವು. ಗಂಡಸರು ಕಡಿದಾದ ಗುಡ್ಡ ಹತ್ತಿ, ಅಬ್ಬಿಯಲ್ಲಿ ಮಿಂದು, ಮನೆದೇವರಿಗೆ ಆ ನೀರು ತರಬೇಕು. ಹೆಂಗಸರು ಕೆಳಗೆ ಅಡಿಗೆ ಮಾಡಬೇಕು. ಒಮ್ಮೆ ಇಳಿದವರು ಆ ದಿನ ಮತ್ತೆ ಹತ್ತುವಂತಿಲ್ಲ. ಈ ಕಟ್ಟಳೆ ಮಾಡಿದವರು ಯಾರೋ ತಿಳಿಯದು, ಒಲೆ ಊದಿದವರಂತೂ ಅಲ್ಲ.

ನಾನು ಸೊಸೆಯಾಗಿ ಬಂದ ವರ್ಷ ಗಂಡಸರೆಲ್ಲ ಮಿಂದು, ಹಸಿದು ಇಳಿದು ಬಂದರು. ನೀರು ತರಬೇಕಾದ ತಾಮ್ರದ ತಂಬಿಗೆ ಗಾಡಿಯಲ್ಲೇ ಉಳಿದಿತ್ತು.

"ಈ ವರ್ಸ ನೀರಿಲ್ದೇ ಹೋಗಾಣ," ಎಂದರು ಮಾವ. ಅಮಲ್ದಾರರ ಎದುರೂ ದನಿ ತಗ್ಗಿಸದವರು ಅವರು.

"ನಾನಿನ್ನೂ ಹತ್ತಿಲ್ವಲ್ಲ ಮಾವ," ಎಂದವಳೇ ತಂಬಿಗೆ ಎತ್ತಿಕೊಂಡು ಹೊರಟುಬಿಟ್ಟೆ.

"ಲೇ, ನಿಲ್ಲೇ!" ಎಂದು ನನ್ನವರು ಕೂಗಿದರು. ಕೂಗಬಹುದಿತ್ತೇ ಹೊರತು ಹಿಂದೆ ಬರುವಂತಿರಲಿಲ್ಲ, ಕಟ್ಟಳೆ ಅವರದೇ.

ಸೀರೆ ಎತ್ತಿ ಕಟ್ಟಿ, ಬೇರು ಹಿಡಿದು ಹತ್ತಿದೆ. ಮರಗಳ ಮರೆಯಲ್ಲಿ ನೀರು ಬಂಡೆಯಿಂದ ನೇರ ಧುಮುಕುತ್ತಿತ್ತು. ತಂಬಿಗೆ ತುಂಬುವ ಮೊದಲು ನಾನೇ ಅದರಡಿ ನಿಂತೆ.

ಒದ್ದೆ ಸೀರೆಯಲ್ಲೇ ಇಳಿದು ಮಾವನ ಮುಂದೆ ತಂಬಿಗೆ ಇಟ್ಟೆ. ಅವರು ತಂಬಿಗೆಯೊಳಗೆ ಇಣುಕಿ ನೋಡಿದರು. ನೀರನ್ನು ಚೆಲ್ಲಲಿಲ್ಲ.

ಬಡಿಸುವಾಗ ಅತ್ತೆ ಮೆಲ್ಲಗೆ ಕೇಳಿದರು, "ಮ್ಯಾಲೆ ಹೆಂಗೈತೆ?"

"ಬರೋ ವರ್ಸ ನೀವೇ ನೋಡೀರಂತೆ ಅತ್ತೆ."

ಮರುವರ್ಷ ಮಾವ ತಂಬಿಗೆಯನ್ನು ಮರೆಯದೆ ತಾವೇ ಹಿಡಿದು ಹತ್ತಿದರು. ಅವರು ಏದುಸಿರು ಬಿಡುತ್ತ ಮೇಲೆ ಬರುವಷ್ಟರಲ್ಲಿ ಅತ್ತೆಯೂ ನಾನೂ ಮಿಂದು, ಬಂಡೆಯ ಮೇಲೆ ಕೂತು ಕೂದಲು ಆರಿಸಿಕೊಳ್ಳುತ್ತಿದ್ದೆವು. ಕೆಳಗೆ ಒಲೆ ಇನ್ನೂ ಹಚ್ಚಿರಲಿಲ್ಲ.