ಮನೆಯವರ ಬಟ್ಟೆ ಕೊನೆಗೆ

ಷರತ್ತಣ್ಣ ಬರುವುದು ಕಂಡರೆ ಬೀದಿಯವರು ಆಚೆ ಬದಿಗೆ ದಾಟಿಬಿಡುತ್ತಿದ್ದರು. ಕೆಟ್ಟ ಮನುಷ್ಯ ಅಂತಲ್ಲ. ಅಂಗಡಿ, ಮನೆಗಳಿಗೆ ಬೆಂಕಿ, ಕಳವು, ನೀರಿನ ವಿಮೆ ಮಾಡಿಸುವ ಏಜೆಂಟ. ಉಳಿದ ಏಜೆಂಟರು ಸಹಿ ಹಾಕಿಸಿಕೊಂಡು ಮಾಯವಾಗುತ್ತಾರೆ, ಈ ಪುಣ್ಯಾತ್ಮ ಸಹಿಯಾದ ಮೇಲೆಯೇ ಕುರ್ಚಿ ಎಳೆದುಕೊಂಡು ಕೂರುವುದು. ಪಾಲಿಸಿಯಲ್ಲಿ ಸಣ್ಣಕ್ಷರದಲ್ಲಿ ಏನಿದೆಯೋ ಅದನ್ನೆಲ್ಲ ಬಿಡಿಸಿ ಹೇಳಬೇಕು, ಕೇಳುವವನು ತಲೆಯಾಡಿಸಬೇಕು. ಆ ಚಟಕ್ಕೇ ಅವನಿಗೆ ಆ ಹೆಸರು ಬಿದ್ದದ್ದು.

ಕ್ಷೌರದಂಗಡಿಯವನು ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಿದ್ದರೂ ಇವನು ಬಿಡುತ್ತಿರಲಿಲ್ಲ. ಮಾಲಿನ ಬೆಲೆಯಲ್ಲಿ ಅರ್ಧಕ್ಕೆ ಮಾತ್ರ ವಿಮೆ ಮಾಡಿಸಿದರೆ, ಸುಟ್ಟದ್ದು ಒಂದು ಮೂಲೆಯೇ ಆದರೂ ಅದರಲ್ಲೂ ಅರ್ಧವೇ ಸಿಗುವುದು ಅನ್ನುವನು. ಮೊದಲ ಒಂದಿಷ್ಟು ನಷ್ಟ ನಮ್ಮ ತಲೆಯ ಮೇಲೇ, ಅದನ್ನು ದಾಟಿದ್ದು ಕಂಪನಿಯದು ಅನ್ನುವನು. ಹಳತಾಗಿ ತಾನೇ ಕೆಟ್ಟದ್ದಕ್ಕೆ ಬಿಡಿಗಾಸೂ ಬರುವುದಿಲ್ಲ ಅನ್ನುವನು. ಕೇಳಿದವರು ಹೂಂಗುಟ್ಟುವರು, ಮರೆಯುವರು, ನಷ್ಟವಾದ ದಿನ ಬಂದು ಇವನ ಕೊರಳಪಟ್ಟಿ ಹಿಡಿಯುವರು. ಹೇಳಿ ಹೇಳಿ ನಾಲಿಗೆ ಸವೆದದ್ದೊಂದೇ ಬಂದ ಭಾಗ್ಯ.

ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ ಮಾತು ಒಂದಿತ್ತು: ನಷ್ಟವಾದರೆ ತಕ್ಷಣ ತಿಳಿಸಿ, ಅದನ್ನು ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡುವ ತನಕ ಏನನ್ನೂ ಎಸೆಯಬೇಡಿ. ಅದನ್ನು ಅತಿ ಹೆಚ್ಚು ಸಲ ಕೇಳಿಸಿಕೊಂಡವಳು ಅವನ ಸ್ವಂತ ಅಕ್ಕ.

ಅಕ್ಕನದು ಲಾಂಡ್ರಿ, ಅದರ ವಿಮೆ ಮಾಡಿಸಿದವನೂ ಇವನೇ. ಚಿಕ್ಕ ಅಂಗಡಿ, ಒಳಗೆ ದೊಡ್ಡದೊಂದು ಡ್ರೈಕ್ಲೀನಿಂಗ್ ಯಂತ್ರ. ಅದನ್ನು ಕೊಳ್ಳುವುದಕ್ಕೆ ಅಕ್ಕ ಭಾವ ಇಬ್ಬರೂ ವರ್ಷಗಟ್ಟಲೆ ಹೊಟ್ಟೆಬಟ್ಟೆ ಕಟ್ಟಿದ್ದರು. ಅದು ತಿರುಗಿದರೆ ಅಂಗಡಿ, ನಿಂತರೆ ಬಾಗಿಲು ಹಾಕಿಕೊಂಡು ಮನೆಗೆ ಹೋಗಬೇಕು. ಇನ್ನು ಅಕ್ಕನ ಸ್ವಭಾವವೋ, ಕಲೆ ಅಂದರೆ ಮೈಯೆಲ್ಲ ಉರಿ. ಎದುರು ಕೂತವರ ಅಂಗಿಯ ಮೇಲೆ ಚಹಾದ ಚುಕ್ಕೆ ಕಂಡರೆ ಅವರ ಮಾತು ಅವಳ ಕಿವಿಗೆ ಹೋಗುತ್ತಲೇ ಇರಲಿಲ್ಲ. ಜೊತೆಗೆ ಅವಳದೊಂದು ಕಟ್ಟಳೆ: ಗಿರಾಕಿಗಳ ಬಟ್ಟೆ ಮೊದಲು, ಮನೆಯವರ ಬಟ್ಟೆ ಕೊನೆಗೆ. ಆ ಕೊನೆ ಬಂದದ್ದನ್ನು ಮನೆಯವರು ಯಾರೂ ಕಂಡವರಿಲ್ಲ. ಷರತ್ತಣ್ಣನ ಒಂದೇ ಒಂದು ಒಳ್ಳೆಯ ಕೋಟು, ಕೆನೆ ಬಣ್ಣದ್ದು, ಮನೆಯವರ ಬುಟ್ಟಿಯಲ್ಲಿ ಬಿದ್ದುಕೊಂಡು ಯಾವ ಕಾಲವಾಗಿತ್ತೋ. ಕಂಪನಿಯ ಸಮಾರಂಭದಲ್ಲಿ ಅವನಿಗೆ ಸನ್ಮಾನವಿತ್ತು. ಕೋಟು ಕೊಡೇ ಅಂತ ಗೋಗರೆದರೆ, ಗಿರಾಕಿಗಳದು ಮುಗಿಯಲಿ ತಾಳೋ ಅಂತ ಒಂದೇ ರಾಗ.

ಹೀಗಿರುವಾಗ ಪಕ್ಕದ ಬೇಕರಿಗೆ ಬೆಂಕಿ ಬಿತ್ತು. ಷರತ್ತಣ್ಣ ಯಾರದೋ ಗೋದಾಮಿನ ಕೆಲಸಕ್ಕೆ ಪರವೂರಿಗೆ ಹೋಗಿದ್ದ. ವಾಪಸು ಬಂದು ಲಾಂಡ್ರಿಗೆ ಓಡಿದರೆ ಅಂಗಡಿ ಫಳಫಳ ಹೊಳೆಯುತ್ತಿದೆ! ಗೋಡೆಗೆ ಹೊಸ ಸುಣ್ಣ. ಗಾಜು ಇದೆಯೋ ಇಲ್ಲವೋ ಅನ್ನುವಷ್ಟು ಶುಭ್ರ. ಸದ್ಯ, ಏನೂ ಆಗಿಲ್ಲವಲ್ಲ ಅಂತ ನಿಟ್ಟುಸಿರು ಬಿಟ್ಟ.

ಏನೂ ಆಗಿಲ್ಲ ಅಂದವರ್ಯಾರು, ಎಂದಳು ಅಕ್ಕ. ಗೋಡೆಯ ಮೇಲಿನ ಕಿಂಡಿಯಿಂದ ಬೆಂಕಿಯ ಝಳ ನುಗ್ಗಿ, ಮೇಲಿಂದ ಯಂತ್ರಕ್ಕೆ ಇಳಿಯುವ ವೈರು ಕರಗಿ, ಅಂಗಡಿ ತುಂಬ ಮಸಿಯಾಗಿತ್ತಂತೆ. ಗಿರಾಕಿಗಳ ಬಟ್ಟೆಯೆಲ್ಲ ಕಪ್ಪಂತೆ. ಗಂಡ ಹೆಂಡತಿ ಕೂತು ಅಷ್ಟನ್ನೂ ಕೈಯಲ್ಲೇ ಒಗೆದು, ಇಸ್ತ್ರಿ ಮಾಡಿ, ಹೇಳಿದ ಹೊತ್ತಿಗೆ ತಲುಪಿಸಿದ್ದಾರೆ. ಕರಗಿದ ವೈರು, ಸುಟ್ಟ ರ‍್ಯಾಕು, ಯಂತ್ರದೊಳಗಿಂದ ಮೆಕ್ಯಾನಿಕ್ ಕಿತ್ತ ಭಾಗ, ಎಲ್ಲವನ್ನೂ ಭಾವ ಗುಜರಿಗೆ ಹಾಕಿ ಬಂದಿದ್ದಾನೆ. ಯಂತ್ರ ಮಾತ್ರ ತಿರುಗುತ್ತಿಲ್ಲ.

ಷರತ್ತಣ್ಣನ ಪಿತ್ತ ನೆತ್ತಿಗೇರಿತು.

"ಏನೂ ಎಸೀಬೇಡ ಅಂತ ಎಷ್ಟು ಸಲ ಬಡ್ಕೊಂಡಿದ್ದೀನಿ? ಒಂದು ಫೋಟೋನಾದ್ರೂ ತೆಗೆದ್ಯಾ?"

"ಗಲೀಜು ಅಂಗಡಿ ಫೋಟೋ ಯಾರಾದ್ರೂ ತೆಗೀತಾರೇನೋ?" ಎಂದಳು ಅಕ್ಕ, ನಿಜವಾಗಿಯೂ ಅರ್ಥವಾಗದೆ. "ಸರ್ವೇಯರ್ ಬರ್ತಾರೆ ಅಂತಾನೇ ಕಣೋ ಇಷ್ಟು ತೊಳೆದಿದ್ದು. ಬಂದೋರ ಮುಂದೆ ಮಾನ ಹೋಗಬಾರದಲ್ಲ."

ಅವನು ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆಂದುಕೊಂಡ. ಸುಣ್ಣ ಇನ್ನೂ ಹಸಿಯಿತ್ತು.

ಸರ್ವೇಯರ್ ಬಂದರು. ಕಡಿಮೆ ಮಾತಿನ ಮನುಷ್ಯ, ಕನ್ನಡಕದ ಮೇಲಿಂದ ನೋಡುವವರು. ಅಂಗಡಿಯನ್ನು ಒಂದು ಸುತ್ತು ಹಾಕಿ, ನಷ್ಟ ಎಲ್ಲಿ ಅಂದರು. ಅಕ್ಕ ಹೆಮ್ಮೆಯಿಂದ, ಇಲ್ಲೇ ಇತ್ತು ಸಾರ್, ತೊಳೆದುಬಿಟ್ಟೆ ಅಂದಳು. ಷರತ್ತಣ್ಣ ಕಣ್ಣು ಮುಚ್ಚಿಕೊಂಡ. ಬಟ್ಟೆ ತೊಳೆದು ಉಳಿಸಿದ್ದು ತಪ್ಪಲ್ಲ, ನಷ್ಟ ಬೆಳೆಯದಂತೆ ನೋಡಿಕೊಳ್ಳಬೇಕು ಅಂತ ಪಾಲಿಸಿಯೇ ಹೇಳುತ್ತದೆ ಎಂದು ಅವನು ವಾದಿಸಿದ. ಅದು ಸರಿಯೇ ಅಂದರು ಸರ್ವೇಯರ್. ಆದರೆ ಕೇಳುತ್ತಿರುವುದು ಯಂತ್ರದ ಪರಿಹಾರ. ಅಗ್ನಿಶಾಮಕದವರ ವರದಿಯಲ್ಲಿ ಬೇಕರಿಯ ಹೆಸರಷ್ಟೇ ಇದೆ. ಗುಜರಿಯವನನ್ನು ಕೇಳಿದರೆ ಮಾಲು ಆಗಲೇ ಕರಗಿಸಲು ಹೋಗಿದೆ. ಯಂತ್ರ ಬೆಂಕಿಯಿಂದ ಕೆಟ್ಟಿತೋ, ಹಳತಾಗಿ ಕೆಟ್ಟಿತೋ? ಹಳತಾಗಿ ಕೆಟ್ಟದ್ದಕ್ಕೆ ಕಂಪನಿ ಕೊಡುವುದಿಲ್ಲ. ಇವನದೇ ಪಾಠವನ್ನು ಅವರು ಇವನಿಗೇ ಒಪ್ಪಿಸುತ್ತಿದ್ದರು. ಅಕ್ಕನ ಮುಖ ಆಗ ಬಾಡಿತು. ಅಂಗಡಿಯ ಬಾಗಿಲು ಹಾಕುವ ಮಾತು ಇದು ಎಂದು ಅವಳಿಗೆ ಹೊಳೆದದ್ದು ಆಗಲೇ.

"ಸುಟ್ಟಿದ್ದು, ಮಸಿ ಹಿಡಿದಿದ್ದು, ತೊಳೀದೇ ಇರೋದು ಏನೂ ಉಳಿದಿಲ್ವಾ?" ಎಂದರು ಸರ್ವೇಯರ್.

ಅಕ್ಕ ನಾಚಿಕೆಯಿಂದ ಸೆರಗಿನ ತುದಿ ಹಿಂಡಿದಳು. ಕೊನೆಗೆ ಬಾಯಿಬಿಟ್ಟಳು. ಮನೆಯವರ ಬುಟ್ಟಿ ಮಾತ್ರ ಹಾಗೇ ಇದೆ, ಅದು ಯಂತ್ರದ ನೆತ್ತಿಯ ಮೇಲೇ ಇತ್ತು, ಅದರ ಸರದಿ ಇನ್ನೂ ಬಂದಿಲ್ಲ, ನೀವು ನೋಡುತ್ತೀರೆಂದು ಹಿಂದಿನ ಕೋಣೆಯಲ್ಲಿ ಮುಚ್ಚಿಟ್ಟಿದ್ದೇನೆ ಎಂದಳು.

ಬುಟ್ಟಿ ಬಂತು. ಎಲ್ಲಕ್ಕಿಂತ ಮೇಲೆ ಷರತ್ತಣ್ಣನ ಕೋಟು! ಸರ್ವೇಯರ್ ಮಡಿಕೆ ಬಿಡಿಸಿದರು. ಒಳಗೆ ಕೆನೆ ಬಣ್ಣ, ಹೊರಗೆ ಕಾವಲಿಯ ತಳದಂಥ ಕಪ್ಪು. ಭುಜದ ಮೇಲೆ ಕರಗಿ ಬಿದ್ದು ಗಟ್ಟಿಯಾದ ಕೆಂಪು ಹನಿಗಳು. ಅವರು ಬಗ್ಗಿ, ಯಂತ್ರದೊಳಗೆ ಉಳಿದಿದ್ದ ಮೋಟು ವೈರನ್ನು ನೋಡಿದರು. ಅದೇ ಕೆಂಪು. ಝಳ ಯಂತ್ರದ ನೆತ್ತಿಯ ತನಕ ಬಂದಿತ್ತು ಅನ್ನುವುದಕ್ಕೆ ಇನ್ನೇನು ಬೇಕು? ಕೋಟನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದರು. ಯಂತ್ರದ ಪರಿಹಾರಕ್ಕೆ ಶಿಫಾರಸು ಮಾಡುತ್ತೇನೆ ಅಂದರು. ಅಕ್ಕ ಕುರ್ಚಿಯ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಂಡಳು.

ಷರತ್ತಣ್ಣ ಗಂಟಲು ಸರಿಮಾಡಿಕೊಂಡ. ಸಾರ್, ನನ್ನ ಕೋಟಿನ ಗತಿ, ಎಂದ ಮೆಲ್ಲಗೆ. ಗಿರಾಕಿಗಳ ಬಟ್ಟೆಗೂ ಪಾಲಿಸಿಯಲ್ಲಿ ರಕ್ಷಣೆ ಇತ್ತಲ್ಲ, ಅದನ್ನು ಸೇರಿಸಿದವನು ತಾನೇ.

"ದುಡ್ಡಿಗೆ ಒಗೆಯೋಕೆ ತಗೊಂಡ ಬಟ್ಟೆಗೆ ಮಾತ್ರ," ಎಂದ ಸರ್ವೇಯರ್ ಅಕ್ಕನ ಕಡೆ ತಿರುಗಿದರು. "ಇವರ ಹತ್ರ ದುಡ್ಡು ತಗೊಳ್ತೀರೇನಮ್ಮಾ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಷರತ್ತಣ್ಣ ಸುಳ್ಳು ಹೇಳು ಅನ್ನುವವನಲ್ಲ, ಆದರೂ ಅಕ್ಕನ ಮುಖವನ್ನೇ ನೋಡಿದ.

ಅಕ್ಕನಿಗೆ ಯಾರೋ ಬೈದಷ್ಟು ಸಿಟ್ಟು ಬಂತು. "ಒಡಹುಟ್ಟಿದೋನ ಹತ್ರ ದುಡ್ಡಾ? ಏನು ಅಂತ ಕೇಳ್ತಿದ್ದೀರಿ ಸಾರ್!"

ಸನ್ಮಾನಕ್ಕೆ ಷರತ್ತಣ್ಣ ಭಾವನ ಕೋಟು ತೊಟ್ಟು ಹೋದ. ತೋಳು ಉದ್ದ, ಹಾರ ತೆಗೆದುಕೊಳ್ಳುವಾಗ ಕೈಯೇ ಕಾಣಲಿಲ್ಲ.

ಯಂತ್ರ ಮತ್ತೆ ತಿರುಗತೊಡಗಿದ ಮೇಲೆ ಒಂದು ಬೆಳಿಗ್ಗೆ ಅವನು ನಾಲ್ಕು ಅಂಗಿ ತಂದು ಕಟ್ಟೆಯ ಮೇಲಿಟ್ಟ. ಪಕ್ಕದಲ್ಲಿ ಒಂದು ನೋಟನ್ನೂ ಇಟ್ಟ. ರಸೀದಿ ಹರಿ, ಇನ್ನು ಮೇಲೆ ನಾನೂ ಗಿರಾಕಿಯೇ, ಸುಟ್ಟರೆ ನನಗೂ ಬರಬೇಕು ಅಂತ ಪಟ್ಟು ಹಿಡಿದ. ಅಕ್ಕ ನೋಟನ್ನು ಎತ್ತಿ ಅವನ ಜೇಬಿಗೇ ತುರುಕಿದಳು.

"ದುಡ್ಡು ಕೊಟ್ಟು ಒಗೆಸ್ಕೊಳ್ಳೋದಾದ್ರೆ ಬೇರೆ ಅಂಗಡಿ ನೋಡ್ಕೋ. ಇದು ನಿನ್ನ ಅಕ್ಕನ ಅಂಗಡಿ."

ಇವಳಿಗೆ ಯಾವ ಜನ್ಮದಲ್ಲಿ ಬುದ್ಧಿ ಬರುತ್ತದೋ ಎಂದು ಷರತ್ತಣ್ಣ ಗೊಣಗಿಕೊಂಡ. ಅಕ್ಕ ಅಂಗಿಗಳನ್ನು ಮನೆಯವರ ಬುಟ್ಟಿಗೆ ಹಾಕಿ, ಬುಟ್ಟಿಯನ್ನು ಎತ್ತಿ ಯಂತ್ರದ ಮೇಲಿಟ್ಟಳು.